ಮುಖ ತೊಳೆದ ಕೋಲು

ಮದುವೆಯಾಗಿ ಬಂದ ಮೊದಲ ವಾರದಲ್ಲೇ ನನಗೆ ಈ ಮನೆಯ ಮೇಲೆ ಒಂದು ಅನುಮಾನ ಹುಟ್ಟಿತ್ತು. ನಮ್ಮಪ್ಪ ಹೊಲಿದುಕೊಟ್ಟ ಹಾಸಿಗೆ ಇಲ್ಲಿನ ಮಂಚಕ್ಕೆ ಕೂರಲಿಲ್ಲ. ಕಾಲಿನ ಕಡೆ ಒಂದು ಬೆರಳು ದಪ್ಪದಷ್ಟು ಹೊರಗೆ ಇಣುಕುತ್ತಿತ್ತು. ನಮ್ಮಪ್ಪ ಟೈಲರ್. ಮೂವತ್ತು ವರ್ಷದಲ್ಲಿ ಯಾರ ತೋಳನ್ನೂ ಒಂದು ನೂಲಿನಷ್ಟು ಹೆಚ್ಚುಕಮ್ಮಿ ಹೊಲಿದವರಲ್ಲ. ಹಾಸಿಗೆ ದೊಡ್ಡದಾಯಿತು ಎಂದು ಅತ್ತೆ ಹೇಳಿದರು. ಮಂಚ ಚಿಕ್ಕದಾಯಿತು ಎಂದು ನಾನು ಹೇಳಿದೆ. ನನ್ನ ಗಂಡ ಅದರ ಮೇಲೆ ಕೂತು, ಎರಡು ಸಲ ಕುಪ್ಪಳಿಸಿ, ಮೆತ್ತಗಿದೆ ಎಂದ. ಇಬ್ಬರ ನಡುವೆ ಸಿಕ್ಕಾಗಲೆಲ್ಲ ಅವನು ಕೊಡುವ ತೀರ್ಪು ಇಂಥದ್ದೇ.

ಸುಮ್ಮನಿರುವುದು ನನ್ನ ಜಾಯಮಾನದಲ್ಲಿಲ್ಲ. ಯಾಕೆ ಎಂಬ ಪ್ರಶ್ನೆ ಒಮ್ಮೆ ತಲೆಗೆ ಹೊಕ್ಕರೆ ಅನ್ನ ಸೇರುವುದಿಲ್ಲ. ತವರಿನಿಂದ ತಂದ ಬಟ್ಟೆಯ ಟೇಪು ಹಿಡಿದು, ಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಒಂದೊಂದನ್ನೇ ಅಳೆದೆ. ಮೂರಡಿಯ ಮೇಜು ಮೂರಡಿಯೇ ಇತ್ತು. ಐದಡಿಯ ಕಪಾಟು ಐದಡಿಯೇ. ಆದರೆ ಆರಡಿ ಎಂದು ಮಾಡಿದ್ದೆಲ್ಲ, ಮಂಚ, ಬೆಂಚು, ಬಾಗಿಲ ಚೌಕಟ್ಟು, ಸಾಲಾಗಿ ಒಂದೊಂದು ಬೆರಳು ಕಮ್ಮಿ. ಬೇಕೆಂದೇ ಯಾರೋ ಆರನೆಯ ಅಡಿಯನ್ನು ಕದಿಯುತ್ತಿದ್ದಾರೇನೋ ಅನ್ನಿಸಿತು.

ಈ ಮನೆಯಲ್ಲಿ ಮರ ಬರುವುದು ಒಂದೇ ಕಡೆಯಿಂದ. ಹಿತ್ತಲ ಬಾಗಿಲು ತೆರೆದರೆ ನಮ್ಮದೇ ಕೊಯ್ಯುವ ಮಿಲ್ಲು. ಮಾವ ತೀರಿಕೊಂಡ ಮೇಲೆ ಇಪ್ಪತ್ತೆರಡು ವರ್ಷದಿಂದ ಅದನ್ನು ನಡೆಸುತ್ತಿರುವವರು ಅತ್ತೆ. ಕೆಲಸದವರೂ ಊರಿನ ಬಡಗಿಗಳೂ ಅವರನ್ನು ಯಜಮಾನಿ ಎನ್ನುತ್ತಾರೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲೊಂದು ಖಾಕಿ ಅಂಗಿ ಹಾಕಿಕೊಂಡು, ದಿಮ್ಮಿಯ ಸುತ್ತ ಒಂದು ಸುತ್ತು ಬಂದರೆ ಸಾಕು, ಒಳಗೆ ಗಂಟು ಎಲ್ಲಿದೆ, ಟೊಳ್ಳು ಎಲ್ಲಿದೆ ಎಂದು ಹೇಳಿಬಿಡುತ್ತಾರೆ. ನಾನು ನಂಬಿರಲಿಲ್ಲ. ಏಳು ಸಲ ಪರೀಕ್ಷಿಸಿದೆ. ಏಳು ಸಲವೂ ಅವರೇ ಗೆದ್ದರು.

ಮಿಲ್ಲಿನ ಆಫೀಸು ಬಾಗಿಲ ಪಕ್ಕದಲ್ಲಿ ಎರಡು ಗೂಟಗಳ ಮೇಲೆ ಒಂದು ಕೋಲು ಮಲಗಿರುತ್ತದೆ. ಆರಡಿ ಉದ್ದ, ಎರಡು ಬೆರಳು ಅಗಲ, ಅಡಿಗೊಂದು ಕಚ್ಚು. ನನ್ನ ಗಂಡನ ಅಜ್ಜ ಮಿಲ್ಲು ಶುರುಮಾಡಿದಾಗ ಕೊಯ್ದ ಮೊದಲ ಮರದಿಂದ ಮಾಡಿದ್ದಂತೆ. ಮರ ಐದೆಲೆ ಪೈನು. ಹೊಸದರಲ್ಲಿ ಹಾಲಿನ ಕೆನೆಯ ಬಣ್ಣವಿದ್ದದ್ದು ಎಂಬತ್ತು ವರ್ಷ ಕೈಯಾಡಿ ಜೇನಿನ ಬಣ್ಣಕ್ಕೆ ತಿರುಗಿದೆ. ಅಷ್ಟು ವರ್ಷದಲ್ಲಿ ಒಂದು ಕೂದಲಷ್ಟೂ ಬಾಗಿಲ್ಲ. ಮಿಲ್ಲಿನಲ್ಲಿ ಏನೇ ಕೊಯ್ಯಲಿ, ಅಳತೆ ಆ ಕೋಲಿನದೇ. ಟೇಪು ತಂದವರನ್ನು ಅತ್ತೆ ಗೇಟಿನಲ್ಲೇ ವಿಚಾರಿಸಿಕೊಳ್ಳುತ್ತಾರೆ.

ನಾನು ಕೋಲಿನ ವಿಷಯಕ್ಕೆ ನೇರವಾಗಿ ಬಾಯಿ ಹಾಕುವ ಧೈರ್ಯ ಮಾಡಿದ್ದು, ಆ ದೊಡ್ಡ ದಿಮ್ಮಿ ಬಂದಮೇಲೆ.

ಬೆಟ್ಟದ ಮೇಲಿನ ಐದೆಲೆ ಮರಗಳನ್ನು ನಾನು ದೂರದಿಂದ ಮಾತ್ರ ನೋಡಿದ್ದೆ. ಸೂಜಿಯಂಥ ಎಲೆಗಳು ಐದೈದರ ಕಟ್ಟಾಗಿ ಬರುತ್ತವೆ, ಅದಕ್ಕೇ ಆ ಹೆಸರು. ಕಾಯಿ ಒಂದು ಮೊಳದಷ್ಟು ಉದ್ದ. ಕೊಂಬೆಗಳು ಶುರುವಾಗುವ ಹೊತ್ತಿಗೆ ಬೇರೆ ಮರಗಳೆಲ್ಲ ಮುಗಿದೇ ಹೋಗಿರುತ್ತವೆ. ಹಾಗಾಗಿ ಕಾಂಡದಲ್ಲಿ ಗಂಟೇ ಇಲ್ಲ, ಬುಡದಿಂದ ನೆತ್ತಿಯವರೆಗೆ ನೂಲು ಹಿಡಿದಂತೆ ನೇರ. ಒಂದು ಕಾಲಕ್ಕೆ ಬೆಟ್ಟವಿಡೀ ಅವೇ ಇದ್ದವಂತೆ. ಈಗ ಇರುವುದೆಲ್ಲ ನನ್ನ ಸೊಂಟದಷ್ಟು ದಪ್ಪದ ಎಳೆಯವು. ಹಳೆಯದರಲ್ಲಿ ಒಂದೇ ಒಂದು ಉಳಿದಿತ್ತು, ಅದೂ ಹೋದ ತಿಂಗಳ ಬಿರುಗಾಳಿಗೆ ಬಿತ್ತು.

ಲಾರಿ ಅಂಗಳಕ್ಕೆ ಬಂದಾಗ ದಿಮ್ಮಿಯ ಕೊಯ್ದ ಮುಖ ನನ್ನ ಎದೆಯ ಮಟ್ಟಕ್ಕಿತ್ತು. ಅಂಚಿನಲ್ಲಿ ಸಕ್ಕರೆ ಪಾಕ ಒಣಗಿದಂತೆ ಬಿಳಿ ಅಂಟು ಕಟ್ಟಿತ್ತು. ಬೆರಳಿಂದ ತೆಗೆದು ನಾಲಿಗೆಗೆ ಹಚ್ಚಿ ನೋಡಿದೆ. ನಿಜವಾಗಿಯೂ ಸಿಹಿ. ಅತ್ತೆ ನನ್ನ ಕಡೆ ನೋಡಿ, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ ಎಂದರು. ಅವರೂ ತಿಂದು ನೋಡಿದ್ದಾರೆ ಎಂದು ಅವತ್ತು ನನಗೆ ಗೊತ್ತಾಯಿತು. ಆಮೇಲೆ ಕೂತು ಒಂದು ಗುಂಡುಸೂಜಿ ಹಿಡಿದು ವರ್ಷದ ಬಳೆಗಳನ್ನು ಎಣಿಸಿದೆ. ಇನ್ನೂರ ಎಂಬತ್ತರವರೆಗೆ ಬಂದು ಲೆಕ್ಕ ತಪ್ಪಿತು. ಮತ್ತೆ ಮೊದಲಿಂದ ಎಣಿಸಿದೆ, ಮುನ್ನೂರ ಹನ್ನೊಂದು.

ಬುಡದಲ್ಲಿ ಕೊಳೆತದ್ದನ್ನೂ ತುದಿಯಲ್ಲಿ ಸೀಳಿದ್ದನ್ನೂ ತೆಗೆದುಹಾಕಿದರೆ ಗಟ್ಟಿ ಮರ ಮೂವತ್ತೇಳು ಅಡಿಗೂ ಸ್ವಲ್ಪ ಕಮ್ಮಿ. ಬೇಕಾಗಿದ್ದುದು ಮೂವತ್ತಾರು ಅಡಿಯ ಒಂದೇ ತೊಲೆ.

ಅದು ನಮ್ಮ ಊರಿನ ಲೈಬ್ರರಿಗೆ. ಅಲ್ಲಿನ ಓದುವ ಕೋಣೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೆ ಹಾದುಹೋಗುವ ನಡುತೊಲೆ ಇದೇ ಜಾತಿಯ ಮರದ್ದು, ಅಜ್ಜನೇ ಕೊಯ್ದು ಕೊಟ್ಟದ್ದು. ಚಾವಣಿ ಸೋರಿ ಅದರ ಎರಡೂ ತುದಿ ಕೊಳೆತು ಪುಡಿಯಾಗಿದ್ದವು. ಕಬ್ಬಿಣದ ತೊಲೆ ಹಾಕಿಬಿಡೋಣ ಎಂದು ಇಂಜಿನಿಯರ್ ಹಟ ಹಿಡಿದಿದ್ದ. ಲೈಬ್ರರಿಯ ಮೇಡಂ ಬೇಡ ಎಂದು ಇನ್ನೂ ದೊಡ್ಡ ಹಟ ಹಿಡಿದಿದ್ದರು. ಕೊನೆಗೆ ಇಬ್ಬರೂ ಅತ್ತೆಯ ಆಫೀಸಿಗೆ ಬಂದರು. ಒಳಗೆ ಬರುವಾಗ ಇಂಜಿನಿಯರ್ ಚೌಕಟ್ಟಿಗೆ ಹಣೆ ಬಡಿಸಿಕೊಂಡ. ಆರಡಿ ಮನುಷ್ಯ, ಆರಡಿಗೆ ಒಂದು ಬೆರಳು ಕಮ್ಮಿ ಬಾಗಿಲು. ನಾನು ಮನಸ್ಸಿನಲ್ಲೇ ಇನ್ನೊಂದು ಗುರುತು ಹಾಕಿಕೊಂಡೆ.

ಒಪ್ಪಂದ ಹೀಗಾಯಿತು. ಒಂದೇ ಮರದ್ದು, ಸರಿಯಾಗಿ ಮೂವತ್ತಾರು ಅಡಿಯದ್ದು, ಗುರುವಾರ ಕೊಯ್ದು ಶನಿವಾರದೊಳಗೆ ತಲುಪಿದರೆ ಮರದ ತೊಲೆ. ತಪ್ಪಿದರೆ ಕಬ್ಬಿಣ. ತೊಲೆ ಕೂರುವ ಕಲ್ಲಿನ ಗೂಡು ಎರಡೂ ಗೋಡೆಯಲ್ಲಿ ನಾಲ್ಕು ನಾಲ್ಕು ಬೆರಳು ಮಾತ್ರ ಆಳ ಎಂದು ಇಂಜಿನಿಯರ್ ಎರಡೆರಡು ಸಲ ಹೇಳಿದ. ಅತ್ತೆ ಅವನ ಕಾಗದವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, ಅದು ಆರು ಕೋಲಿನ ತೊಲೆ, ನಮ್ಮ ಮಾವ, ಮಗನ ಅಜ್ಜ, ಇದೇ ಕೋಲಿನಲ್ಲಿ ಕೊಯ್ದದ್ದು, ನಾನೂ ಇದೇ ಕೋಲಿನಲ್ಲಿ ಕೊಯ್ಯುತ್ತೇನೆ ಎಂದರು. ಅವನು ಹೋದಮೇಲೆ ಮನೆಯವರಿಗೆ ಇನ್ನೊಂದು ಮಾತು ಹೇಳಿದರು. ಇದೇ ನನ್ನ ಕೊನೆಯ ಕೊಯ್ತ, ಕಣ್ಣು ಮಂಜಾಗುತ್ತಿದೆ, ಇದಾದಮೇಲೆ ಕೋಲು ಮಗನಿಗೆ.

ಮಗ, ಅಂದರೆ ನನ್ನ ಗಂಡ, ಗರಗಸದ ಇಂಜಿನ್ನಿಗೆ ಎಣ್ಣೆ ಬಿಡುತ್ತಿದ್ದವನು ಕೇಳಿಸದವನಂತೆ ಬಗ್ಗಿಕೊಂಡ. ಅವನ ಪ್ರಾಣವಿರುವುದು ಆ ಇಂಜಿನ್ನಿನಲ್ಲಿ. ಮರ ನೋಡಿದರೆ ಆಕಳಿಕೆ ಬರುತ್ತದೆ.

ನಾನು ಲೆಕ್ಕ ಹಾಕಿದೆ. ಕೋಲಿಗೆ ಒಂದು ಬೆರಳು ಕಮ್ಮಿಯಾದರೆ ಆರು ಕೋಲಿಗೆ ಆರು ಬೆರಳು. ಎರಡೂ ಗೂಡು ಸೇರಿ ಇರುವುದೇ ಎಂಟು. ಅಂದರೆ ಮುನ್ನೂರ ಹನ್ನೊಂದು ವರ್ಷದ ಮರವನ್ನು ಕೊಯ್ದು, ಓದುವವರ ತಲೆಯ ಮೇಲೆ ಎರಡು ಬೆರಳಿನ ಆಧಾರದಲ್ಲಿ ನಿಲ್ಲಿಸಬೇಕು. ಇಂಜಿನಿಯರ್ ಒಪ್ಪುವುದಿಲ್ಲ. ಇನ್ನೊಂದು ಮರ ಇಲ್ಲ. ಅತ್ತೆಯ ಕೊನೆಯ ಕೊಯ್ತ ಊರಿನ ಬಾಯಲ್ಲಿ ನಗೆಪಾಟಲು. ಅವರ ಜೊತೆ ನಾನು ದಿನಕ್ಕೆರಡು ಸಲ ಜಗಳವಾಡುತ್ತಿದ್ದೆ ನಿಜ. ಆದರೆ ಅವರನ್ನು ನೋಡಿ ಬೇರೆಯವರು ನಗುವುದನ್ನು ನೋಡುವಷ್ಟು ಗಟ್ಟಿ ಮನಸ್ಸು ನನಗಿಲ್ಲ.

ಮಂಗಳವಾರ ಬೆಳಿಗ್ಗೆ ಟೇಪು ಹಿಡಿದುಕೊಂಡೇ ಹೋದೆ. ಕೋಲು ಒಂದು ಬೆರಳು ಕಮ್ಮಿಯಿದೆ ಎಂದೆ. ಬಟ್ಟೆಯ ಟೇಪು ಹಿಗ್ಗುತ್ತದೆ, ನಿಮ್ಮಪ್ಪ ಎಷ್ಟು ಹೊಟ್ಟೆಗಳ ಸುತ್ತ ಅದನ್ನು ಎಳೆದಿದ್ದಾರೋ ಯಾರಿಗೆ ಗೊತ್ತು ಎಂದರು. ಮಾತಿನಲ್ಲಿ ಸತ್ಯ ಇತ್ತು. ಟೇಪು ಸುತ್ತಿಕೊಂಡು ಬಂದೆ.

ಮಧ್ಯಾಹ್ನ ದಾರದುಂಡೆ ಹಿಡಿದುಕೊಂಡು ಹೋದೆ. ದಾರಕ್ಕೆ ಅಂಕಿಯೇ ಇಲ್ಲ, ಸುಳ್ಳು ಹೇಳುವ ಹಾಗಿಲ್ಲ. ಕೋಲಿನ ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ದಾರ ಹಿಡಿದು ಗಂಟು ಹಾಕಿದೆ. ಐದು ಅಡಿಗೂ ಆ ಗಂಟು ಸರಿಯಾಗಿ ಕೂತಿತು. ಆರನೆಯದರಲ್ಲಿ ಮರ ಮುಗಿದ ಮೇಲೂ ದಾರ ಒಂದು ಬೆರಳು ಉಳಿಯಿತು. ಅತ್ತೆ ಕನ್ನಡಕ ಏರಿಸಿ ನೋಡಿದರು. ಒಂದು ಗಳಿಗೆ ಗೆದ್ದೆ ಅಂದುಕೊಂಡೆ.

“ಇರಲಿ. ಕೊನೇ ಅಡಿ ಚಿಕ್ಕದು ಅಂತಾನೇ ಇಟ್ಕೋ. ಮಾವ ಹಾಗೇ ಮಾಡಿದ್ರು,” ಎಂದರು. “ಲೈಬ್ರರಿ ತೊಲೆ ಆರು ಕೋಲು. ಈ ಕೋಲಲ್ಲೇ ಕೊಯ್ದಿದ್ದು, ಎಂಬತ್ತು ವರ್ಷ ಅಲ್ಲಾಡದೆ ಕೂತಿತ್ತು. ಈಗಲೂ ಆರು ಕೋಲು ಕೊಯ್ದ್ರೆ ಅಲ್ಲೇ ಕೂರುತ್ತೆ. ಇದರಲ್ಲಿ ಅಡಿ ಎಲ್ಲಿ ಬಂತು?”

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕೋಲು ಆರಡಿಯಾಗಲಿ ಐದೂ ಮುಕ್ಕಾಲಾಗಲಿ, ಅವತ್ತಿನ ಕೋಲೇ ಇವತ್ತೂ ಇದ್ದರೆ ತೊಲೆ ಕೂರಲೇಬೇಕು. ಹಾಗಾದರೆ ನಾನು ಕೇಳಬೇಕಾದ ಪ್ರಶ್ನೆಯೇ ಬೇರೆ. ಅವತ್ತಿನ ಕೋಲೇ ಇದು ಹೌದೇ?

ಬುಧವಾರವಿಡೀ ಆ ಪ್ರಶ್ನೆಯ ಬಾಲ ಹಿಡಿದು ತಿರುಗಿದೆ. ಮರ ಕುಗ್ಗಿತೇ ಎಂದು ಗಂಡನನ್ನು ಕೇಳಿದೆ. ಮರ ಕುಗ್ಗುವುದು ಅಗಲದಲ್ಲಿ, ಉದ್ದದಲ್ಲಿ ಕುಗ್ಗುವುದು ಇಲ್ಲವೆನ್ನುವಷ್ಟು ಕಮ್ಮಿ, ಅದರಲ್ಲೂ ಐದೆಲೆ ಮರದಂಥ ಸಾಧು ಇನ್ನೊಂದಿಲ್ಲ ಎಂದ. ನೆಲಕ್ಕೆ ಕುಟ್ಟಿ ಕುಟ್ಟಿ ಸವೆಯಿತೇ ಎಂದು ನೋಡಿದೆ. ಸವೆದರೆ ತುದಿ ಗುಂಡಗಾಗಬೇಕು. ಇದರ ತುದಿ ಚಾಕುವಿನಿಂದ ಬೆಣ್ಣೆ ಕೊಯ್ದಂತೆ ಚೌಕವಾಗಿತ್ತು. ಇಲಿ ಕಡಿಯಿತೇ? ಇಷ್ಟು ನೀಟಾಗಿ ಕಡಿಯುವ ಇಲಿ ಇದ್ದರೆ ಅದಕ್ಕೆ ಮಿಲ್ಲಿನಲ್ಲಿ ಕೆಲಸ ಕೊಡಬಹುದು ಎಂದು ಗಂಡ ನಕ್ಕ.

ಸಂಜೆ ನಾಲ್ಕರ ಚಹಾದ ಹೊತ್ತಿಗೆ ಹಿರಿಯ ಬಡಗಿ ಬಂದರು. ಕಿವಿಯ ಮೇಲೆ ಯಾವಾಗಲೂ ಒಂದು ದಪ್ಪ ಪೆನ್ಸಿಲ್ ಇರುವುದರಿಂದ ಊರಿಗೆಲ್ಲ ಅವರು ಪೆನ್ಸಿಲ್ ಮಾವ. ನಾಳೆ ತೊಲೆಯನ್ನು ಕೊಯ್ದಮೇಲೆ ಕೆತ್ತನೆಯ ಕೆಲಸ ಅವರದು. ಅತ್ತೆ ಅವರಿಗೆ ಲೋಟ ಕೊಡುತ್ತಾ, ತೊಲೆ ಮುಗಿದ ಕೂಡಲೇ ಮಗನ ಕೈಯಲ್ಲಿ ಕೋಲಿನ ಮುಖ ತೊಳೆಸಬೇಕು, ನೀನೂ ಇರು ಎಂದರು. ಮುಖ ತೊಳೆಸುವುದು ಎಂದರೆ ಹಳೆಯ ಕೈಯಿಂದ ಹೊಸ ಕೈಗೆ ಕೋಲು ಒಪ್ಪಿಸುವುದಂತೆ. ನನಗೆ ಇದು ಹೊಸ ಸುದ್ದಿ. ಗಂಡನಿಗೆ ಅದನ್ನೆಲ್ಲ ಮಾಡಲು ಬರುವುದಿಲ್ಲ, ಕೊನೆಗೆ ನನ್ನ ತಲೆಗೇ ಬರುತ್ತದೆ, ಇವತ್ತೇ ತೊಳೆದಿಟ್ಟರಾಯಿತು ಎಂದುಕೊಂಡು ಒಳಗೆ ಹೋಗಿ ಬಕೆಟ್ಟಿನಲ್ಲಿ ನೀರು, ಸಾಬೂನು, ಒಂದು ಮೆತ್ತನೆಯ ಬಟ್ಟೆ ತಂದು ಕೋಲಿನ ಕೆಳಗೆ ಇಟ್ಟೆ.

ಪೆನ್ಸಿಲ್ ಮಾವನಿಗೆ ಚಹಾ ನೆತ್ತಿಗೆ ಹತ್ತಿತು. ಕೆಲಸದವರು ಹಲಗೆಗಳ ಮೇಲೆ ಬಿದ್ದು ನಕ್ಕರು. ಅತ್ತೆಯ ತುಟಿಯೂ ಅಲುಗಿತು.

“ನೀರಲ್ಲಿ ಅಲ್ಲಮ್ಮಾ,” ಎಂದರು ಪೆನ್ಸಿಲ್ ಮಾವ ಕಣ್ಣೊರೆಸಿಕೊಂಡು. “ಗರಗಸದಲ್ಲಿ. ಹೊಸಬ ಬಂದ್ರೆ ಕೈ ನಡುಗಲ್ಲ ಅಂತ ತೋರಿಸ್ಬೇಕು. ಕೋಲಿನ ತುದೀಲಿ ಬಿಲ್ಲೆ ಹಾಗೆ ತೆಳ್ಳಗೆ ಒಂದು ಪೀಸು ತೆಗೀತಾನೆ. ಮುಖ ಹೊಸದಾಗುತ್ತೆ.”

ನಾನು ಬಕೆಟ್ಟಿನ ಹಿಡಿಕೆ ಹಿಡಿದುಕೊಂಡೇ ನಿಂತೆ. ಇಲ್ಲಿಯವರೆಗೆ ಎಷ್ಟು ಜನ ತೊಳೆದಿದ್ದಾರೆ ಎಂದು ಕೇಳಿದೆ. ಅಜ್ಜನ ನಂತರ ಮಾವನ ಅಣ್ಣ ದೊಡ್ಡ ಮಾವ, ಆಮೇಲೆ ನಮ್ಮ ಮಾವ, ಆಮೇಲೆ ಅತ್ತೆ. ಮೂರು ಜನ.

ನಗು ನಿಂತಿತು. ಎಲ್ಲರೂ ಹುಟ್ಟಿದಾಗಿನಿಂದ ಕೇಳಿದ ಮಾತು ಅದು, ಮುಖ ತೊಳೆಯುವುದು. ಮುಖ ತೊಳೆದರೆ ಯಾರಾದರೂ ಕುಳ್ಳಗಾಗುತ್ತಾರೆಯೇ? ಹಾಗಾಗಿ ಯಾರೂ ಆ ಕಡೆ ತಲೆ ಓಡಿಸಿರಲಿಲ್ಲ. ಕೊಯ್ಯುವುದು ಎಂಬ ಹೆಸರಿಟ್ಟಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಅತ್ತೆಯ ಮುಖ ಮಾತ್ರ ಬಿಗಿಯಿತು. ಬಿಲ್ಲೆಯಷ್ಟು ತೆಗೆದರೆ ಬೆರಳಷ್ಟು ಹೇಗೆ ಹೋಗುತ್ತದೆ, ಮೂರು ಬಿಲ್ಲೆ ಸೇರಿಸಿದರೂ ಅರ್ಧ ಬೆರಳು ದಾಟುವುದಿಲ್ಲ ಎಂದರು. ಆದರೆ ಕೋಲು ಕುಗ್ಗಿದೆಯೋ ಇಲ್ಲವೋ ಎಂಬುದಕ್ಕೆ ಉತ್ತರ ಎಲ್ಲಿ ಸಿಗುತ್ತದೆ ಎಂದು ನನಗೆ ಗೊತ್ತಿತ್ತು.

ಕೋಲು ಹಾಕಿ ಅಳೆಯುವಾಗ ಪ್ರತಿ ಕೋಲಿಗೂ ಮರದ ಮೇಲೆ ಚಾಕುವಿನಿಂದ ಒಂದು ಗೆರೆ ಎಳೆಯುವುದು ಈ ಮಿಲ್ಲಿನ ಪದ್ಧತಿ. ಅತ್ತೆ ಎಳೆಯುತ್ತಾರೆ, ಮಾವ ಎಳೆಯುತ್ತಿದ್ದರು, ಅಜ್ಜನೇ ಕಲಿಸಿದ್ದು. ಹಾಗಾದರೆ ಲೈಬ್ರರಿಯ ಹಳೆಯ ತೊಲೆಯ ಮೇಲೂ ಐದು ಗೆರೆ ಇರಬೇಕು. ತುದಿಗಳು ಕೊಳೆತಿದ್ದರೇನು, ನಡುವೆ ಮರ ಗಟ್ಟಿಯಾಗಿದೆ. ಗೆರೆಯಿಂದ ಗೆರೆಗೆ ಈ ಕೋಲು ಇಟ್ಟು ನೋಡಿದರೆ ಮುಗಿಯಿತು. ತೊಲೆಯನ್ನು ಇಳಿಸಿ ನೆಲದ ಮೇಲೆ ಮಲಗಿಸಿದ್ದಾರೆ ಎಂದು ಮೇಡಂ ಹೇಳಿದ್ದು ನೆನಪಿತ್ತು.

ಕೋಲು ಅಂಗಳ ದಾಟುವುದಿಲ್ಲ ಎಂದರು ಅತ್ತೆ. ನನ್ನ ಹತ್ತಿರ ಕೊನೆಗೆ ಉಳಿದಿದ್ದು ಒಂದೇ ಬಾಣ.

“ಅತ್ತೆ, ನಾನು ತಪ್ಪಾಗಿದ್ರೆ ಇನ್ನು ಒಂದು ವರ್ಷ ನಿಮ್ಮನ್ನ ಏನೂ ಕೇಳಲ್ಲ.”

ಅತ್ತೆ ನನ್ನ ಗಂಡನ ಕಡೆ ನೋಡಿದರು. ಅವನು ಇಂಜಿನ್ನು ಆಫ್ ಮಾಡಿ, ಅಮ್ಮಾ ಇಂಥ ಅವಕಾಶ ಮತ್ತೆ ಬರೋದಿಲ್ಲ ಎಂದ. ಅತ್ತೆ ಕೋಲನ್ನು ಗೂಟದಿಂದ ಇಳಿಸಿದರು.

ಬೀದಿಯಲ್ಲಿ ನಮ್ಮ ಮೆರವಣಿಗೆ ಹೊರಟಿತು. ಮುಂದೆ ಕೋಲು ಹೆಗಲ ಮೇಲಿಟ್ಟುಕೊಂಡ ಅತ್ತೆ, ಹಿಂದೆ ನಾನು, ತೆಳ್ಳನೆಯ ಉದ್ದ ಮರದ ಪಟ್ಟಿಯೊಂದನ್ನು ಹಿಡಿದ ಪೆನ್ಸಿಲ್ ಮಾವ, ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ನನ್ನ ಗಂಡ. ಚಪ್ಪಲಿ ಅಂಗಡಿಯವನು ಎದ್ದು ನಿಂತು ನೋಡಿದ. ಬೇಕರಿಯ ಹೆಂಗಸು ಏನಾಯಿತು ಯಜಮಾನಿ ಎಂದು ಕೇಳಿದಳು. ಸೊಸೆಯ ಬಾಯಿ ಮುಚ್ಚಿಸೋಕೆ ಹೋಗ್ತಿದ್ದೀನಿ ಎಂದರು ಅತ್ತೆ, ನಡಿಗೆ ನಿಧಾನ ಮಾಡದೆ.

ಓದುವ ಕೋಣೆಯ ಕಪಾಟುಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದರು. ಚಾವಣಿಗೆ ಕಂಬಗಳ ಆಸರೆ ಕೊಟ್ಟಿತ್ತು. ನಡುವೆ, ಮೇಜುಗಳನ್ನೆಲ್ಲ ಸರಿಸಿದ ಜಾಗದಲ್ಲಿ, ತೊಲೆ ಮಲಗಿತ್ತು. ತುದಿಗಳು ಮುಟ್ಟಿದರೆ ಉದುರುತ್ತಿದ್ದವು. ಎಂಬತ್ತು ವರ್ಷ ಮೇಲ್ಮುಖವಾಗಿದ್ದ ಕಡೆ ಬೆರಳು ಹೂಳುವಷ್ಟು ಧೂಳು. ಮೇಡಂ ಒಂದು ಬ್ರಷ್ ತಂದುಕೊಟ್ಟರು. ನಾನು ಒರೆಸುತ್ತಾ ಹೋದೆ. ಮೊದಲು ಏನೂ ಕಾಣಲಿಲ್ಲ. ಒಂದು ವರ್ಷ ಬಾಯಿ ಮುಚ್ಚಿಕೊಂಡಿರುವುದು ಹೇಗೆ ಎಂಬ ಚಿಂತೆಯೇ ಹತ್ತಿತ್ತು. ಆಮೇಲೆ ಬ್ರಷ್ಷಿನ ಕೆಳಗೆ, ಮರದ ಅಡ್ಡಕ್ಕೆ, ಕೂದಲಷ್ಟು ತೆಳ್ಳನೆಯ ಒಂದು ಕಪ್ಪು ಗೆರೆ ಎದ್ದಿತು.

ಅತ್ತೆ ನನ್ನನ್ನು ಪಕ್ಕಕ್ಕೆ ಸರಿಸಿ ತಾವೇ ಮೊಣಕಾಲೂರಿ ಕೂತರು. ಕೈಯಿಂದಲೇ ಒರೆಸಿಕೊಂಡು ಹೋಗಿ ಎರಡನೆಯ ಗೆರೆಯನ್ನೂ ಹುಡುಕಿದರು. ಕೋಲನ್ನು ಇಟ್ಟು, ಒಂದು ತುದಿಯನ್ನು ಗೆರೆಗೆ ಸರಿಯಾಗಿ ಕೂರಿಸಿ, ಇನ್ನೊಂದು ತುದಿಯ ಹತ್ತಿರ ಬಗ್ಗಿದರು. ಕೋಲು ಮುಗಿದಿತ್ತು. ಗೆರೆ ಇನ್ನೂ ಒಂದು ಬೆರಳು ಮುಂದಿತ್ತು.

ಅವರು ಕೋಲನ್ನು ತಿರುಗಿಸಿ ಇಟ್ಟರು. ಆಗಲೂ ಅಷ್ಟೇ ಕಮ್ಮಿ. ಮೂರನೆಯ ಗೆರೆಗೆ ಹೋದರು, ನಾಲ್ಕನೆಯದಕ್ಕೆ ಹೋದರು, ಐದನೆಯದಕ್ಕೆ ಹೋದರು. ಎಲ್ಲ ಕಡೆಯೂ ಅದೇ ಒಂದು ಬೆರಳು. ನಾನು ಗೆದ್ದಿದ್ದೆ, ಆದರೆ ಅವರು ಮೊಣಕಾಲಿನ ಮೇಲೆ ಸರಿಯುತ್ತಾ ಹೋಗುವುದನ್ನು ನೋಡಿ ನನಗೆ ಖುಷಿ ಆಗಲಿಲ್ಲ. ಅಳುವೇ ಬಂತು.

“ಇಪ್ಪತ್ತೆರಡು ವರ್ಷ ನಾನು ಕೊಯ್ದಿದ್ದೆಲ್ಲ ಕಮ್ಮಿನಾ?” ಎಂದರು ಅತ್ತೆ, ಯಾರನ್ನೂ ನೋಡದೆ.

ಪೆನ್ಸಿಲ್ ಮಾವ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಮತ್ತೆ ಅಲ್ಲೇ ಇಟ್ಟುಕೊಂಡರು. ಬಡಗಿಗಳಿಗೆಲ್ಲ ಗೊತ್ತಿತ್ತು ಎಂದರು. ಉದ್ದದ ಮರ ಬೇಕಾದಾಗಲೆಲ್ಲ ಚೀಟಿಯಲ್ಲಿ ಕೋಲಿಗೆ ಒಂದು ಬೆರಳು ಸೇರಿಸಿ ಬರೆಯುತ್ತಿದ್ದರಂತೆ. ಅದಕ್ಕೆ ಮಿಲ್ಲಿನ ಬೆರಳು ಎಂದು ಹೆಸರೂ ಇಟ್ಟಿದ್ದರಂತೆ. ಊರಿನ ಒಂದು ಮನೆಯೂ ಅದರಿಂದ ಬಿದ್ದಿಲ್ಲ, ನೀವು ಬೇಜಾರು ಮಾಡಿಕೊಳ್ಳಬೇಡಿ ಎಂದರು. ಈ ಸಲ ಚೀಟಿ ಬರೆದವನು ಇಂಜಿನಿಯರ್. ಅವನಿಗೆ ಗೊತ್ತಿರಲಿಲ್ಲ.

“ಗೊತ್ತಿದ್ದೂ ಹೇಳ್ಲಿಲ್ಲ.”

“ನಿಮಗೆ ಯಾರು ಹೇಳೋದು ಯಜಮಾನಿ?”

ಅತ್ತೆಗೆ ಕೋಲಿನ ತಪ್ಪಿಗಿಂತ ಈ ಮಾತು ಹೆಚ್ಚು ನಾಟಿತು. ಮುಖದ ಬಣ್ಣವೇ ಇಳಿಯಿತು. ಎಲ್ಲರೂ ತಮ್ಮನ್ನು ಸಂಭಾಳಿಸಿಕೊಂಡು ಬಂದಿದ್ದಾರೆ, ಇಷ್ಟು ವರ್ಷ ಹೆದರಿಕೆಗೆ ಗೌರವದ ಅಂಗಿ ತೊಡಿಸಿ ಎದುರಿಗೆ ನಿಲ್ಲಿಸಿದ್ದಾರೆ ಎಂದು ಆ ಹೊತ್ತಿಗೆ ಅವರಿಗೆ ಅರ್ಥವಾಗಿತ್ತು. ಆದರೆ ಕೂತು ಕೊರಗುವ ಹೆಂಗಸಲ್ಲ ಅವರು. ಪೆನ್ಸಿಲ್ ಮಾವನ ಕೈಯಿಂದ ಪಟ್ಟಿ ಕಸಿದುಕೊಂಡು ಎರಡು ಗೆರೆಗಳ ನಡುವೆ ಇಟ್ಟು, ಚಾಕುವಿನಿಂದ ಎರಡೂ ಕಡೆ ಗುರುತು ಹಾಕಿದರು. ಮತ್ತೆ ಬೇರೆ ಎರಡು ಗೆರೆಗಳ ಮೇಲೆ ಇಟ್ಟು ತಾಳೆ ನೋಡಿದರು. ಆಮೇಲೆ ನನ್ನ ಕೈಗೆ ಕೊಟ್ಟು, ಬಗ್ಗಿಸದೆ ಹಿಡ್ಕೊಂಡು ಬಾ ಎಂದರು.

ಮಿಲ್ಲಿಗೆ ಬಂದಮೇಲೆ ಆಫೀಸಿನೊಳಗೆ ಹೋಗಿ ಒಂದು ತಗಡಿನ ಡಬ್ಬಿ ತೆಗೆದರು. ಅದರಲ್ಲಿ ಮೂರು ಬಿಲ್ಲೆಗಳಿದ್ದವು. ಪ್ರತಿಯೊಬ್ಬರೂ ತಾವು ತೆಗೆದ ಪೀಸನ್ನು ಇಟ್ಟುಕೊಂಡಿದ್ದರು. ಒಂದರ ಹಿಂದೆ ಒಂದಾಗಿ ಕೋಲಿನ ತುದಿಗೆ ಇಟ್ಟು, ಪಟ್ಟಿಯ ಪಕ್ಕ ಮಲಗಿಸಿ ನೋಡಿದರು. ಅರ್ಧ ಬೆರಳು ತುಂಬಿತು. ಇನ್ನರ್ಧ ಖಾಲಿ. ಅತ್ತೆ ಎದ್ದು ಹೋಗಿ, ಗೋಡೆಗೆ ತೂಗುಹಾಕಿದ್ದ ಕೈಗರಗಸ ತಂದು, ಬಿಲ್ಲೆಗಳನ್ನು ಆ ಖಾಲಿ ಜಾಗ ತುಂಬುವಂತೆ ಸಮನಾಗಿ ಬಿಡಿಸಿಟ್ಟು, ಗರಗಸದ ಹಲ್ಲನ್ನು ನಡುವಿನ ಒಂದೊಂದು ಸಂದಿನಲ್ಲೂ ಇಟ್ಟರು. ಸರಿಯಾಗಿ ಕೂತಿತು.

“ತುತ್ತು,” ಎಂದರು.

ಗರಗಸ ಒಂದು ಸಲ ಹಾದರೆ ತನ್ನ ಹಲ್ಲಿನಷ್ಟು ದಪ್ಪದ ಮರವನ್ನು ಹೊಟ್ಟು ಮಾಡಿ ಉದುರಿಸುತ್ತದೆ. ಮಿಲ್ಲಿನಲ್ಲಿ ಅದಕ್ಕೆ ಗರಗಸದ ತುತ್ತು ಎನ್ನುತ್ತಾರೆ. ದಿಮ್ಮಿಯಿಂದ ಎಷ್ಟು ಹಲಗೆ ಬರುತ್ತದೆ ಎಂದು ಲೆಕ್ಕ ಹಾಕುವಾಗ ಅತ್ತೆ ಒಂದೊಂದು ತುತ್ತನ್ನೂ ಕಳೆಯುತ್ತಾರೆ, ಅದರಲ್ಲಿ ಅವರನ್ನು ಮೀರಿಸಿದವರಿಲ್ಲ. ಕೋಲಿಗೆ ಮಾತ್ರ ಮೂವರಲ್ಲಿ ಒಬ್ಬರೂ ಕಳೆದಿರಲಿಲ್ಲ. ಮೂರು ಬಿಲ್ಲೆ, ಮೂರು ತುತ್ತು, ಒಟ್ಟು ಒಂದು ಬೆರಳು. ನನ್ನ ಪ್ರಶ್ನೆಗೆ ಪೂರ್ತಿ ಉತ್ತರ ಸಿಕ್ಕಿತ್ತು, ಅದನ್ನು ಕೊಟ್ಟವರು ಅತ್ತೆಯೇ.

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಊರಿನ ಬಡಗಿಗಳೆಲ್ಲ ಸೇರಿದ್ದರು. ಅತ್ತೆ ದಿಮ್ಮಿಯ ಮೇಲೆ ಮೊದಲು ಹಳೆಯ ಕೋಲಿನಲ್ಲಿ ಆರು ಸಲ ಅಳೆದು ಒಂದು ಗೆರೆ ಎಳೆದರು. ಆಮೇಲೆ ಪಟ್ಟಿಯಲ್ಲಿ ಆರು ಸಲ ಅಳೆದು ಇನ್ನೊಂದು ಎಳೆದರು. ಎರಡರ ನಡುವೆ ಅವರ ಅಗಲವಾದ ಅಂಗೈ ಹೆಬ್ಬೆರಳು ಸಮೇತ ಕೂತಿತು. ಎಲ್ಲರೂ ನೋಡಲಿ ಎಂದು ಅಂಗೈಯನ್ನು ಅಲ್ಲೇ ಇಟ್ಟುಕೊಂಡು ನಿಂತರು.

“ಇಷ್ಟು ನನ್ನ ತಪ್ಪು,” ಎಂದರು. “ಇನ್ನು ಮೇಲೆ ಚೀಟೀಲಿ ಬೆರಳು ಸೇರಿಸಿ ಬರೆದವರಿಗೆ ಮರ ಇಲ್ಲ. ತಪ್ಪಿದ್ರೆ ಬಂದು ಹೇಳಿ.”

ನನ್ನ ಗಂಡ ಇಂಜಿನ್ನು ಚಾಲು ಮಾಡಿದ. ಗರಗಸ ಆಚೆಯ ಗೆರೆಯ ಹೊರಗೆ, ತನ್ನ ತುತ್ತಿಗೆ ಜಾಗ ಬಿಟ್ಟು, ಮರದೊಳಗೆ ಇಳಿಯಿತು. ಹೊಟ್ಟು ಚಿಮ್ಮಿದಂತೆಲ್ಲ ಅಂಗಳಕ್ಕೆಲ್ಲ ಸಿಹಿ ವಾಸನೆ ಹರಡಿತು. ಮುನ್ನೂರು ವರ್ಷ ಒಳಗೇ ಇಟ್ಟುಕೊಂಡಿದ್ದ ವಾಸನೆ ಅದು. ನಾನು ಮೂಗರಳಿಸಿ ಎಳೆದುಕೊಂಡೆ, ಪಕ್ಕದಲ್ಲಿ ಅತ್ತೆಯೂ ಹಾಗೇ ಮಾಡಿದರು.

ಶನಿವಾರ ತೊಲೆ ಏರಿತು. ಒಂದು ತುದಿ ಗೂಡಿಗೆ ಹೋಯಿತು, ಇನ್ನೊಂದು ತುದಿ ಒಂದು ಸಲ ಕಿರುಗುಟ್ಟಿ ತನ್ನ ಗೂಡಿನಲ್ಲಿ ಕೂತಿತು. ಇಂಜಿನಿಯರ್ ಏಣಿ ಹತ್ತಿ, ಗೂಡಿನ ಸಂದಿನಲ್ಲಿ ಒಂದು ಕಾಗದ ತೂರಿಸಲು ನೋಡಿದ. ತೂರಲಿಲ್ಲ. ಇಳಿದು ಬಂದು ಅತ್ತೆಗೆ ಕೈಮುಗಿದ. ನಿಮ್ಮ ಕೋಲು ಬಹಳ ಖಡಕ್ಕು ಎಂದ. ಅತ್ತೆ ನನ್ನ ಕಡೆ ಬೆರಳು ತೋರಿಸಿ, ಖಡಕ್ಕು ಕೋಲಲ್ಲ ಎಂದರು.

ಹಳೆಯ ತೊಲೆಯಿಂದ ಎರಡು ಗೆರೆಗಳ ನಡುವಿನ ತುಂಡನ್ನು, ಗೆರೆಗಳು ಕೆಡದ ಹಾಗೆ, ಅತ್ತೆ ಕೇಳಿ ತಂದರು. ಮಿಲ್ಲಿನ ಗೋಡೆಗೆ ಅದನ್ನು ಅಡ್ಡಲಾಗಿ ಜೋಡಿಸಿದರು. ಹೊಸ ದಿಮ್ಮಿಯ ಬದಿ ಹಲಗೆಯಿಂದ ಪೆನ್ಸಿಲ್ ಮಾವ ಹೊಸ ಕೋಲು ಮಾಡಿದರು, ಕೆನೆಯ ಬಣ್ಣದ್ದು. ಸೋಮವಾರ ಅದನ್ನು ಒಪ್ಪಿಸುವ ದಿನ. ನನ್ನ ಗಂಡ ಹೊಸ ಅಂಗಿ ಹಾಕಿಕೊಂಡು, ಗಲ್ಲಿಗೆ ಹೊರಟವನ ಮುಖ ಮಾಡಿಕೊಂಡು ನಿಂತಿದ್ದ. ಅತ್ತೆ ಅವನನ್ನು ದಾಟಿಕೊಂಡು ಬಂದು ಕೋಲನ್ನು ನನ್ನ ಮುಂದೆ ಹಿಡಿದರು. ಅವನು ಬಿಟ್ಟ ಉಸಿರು ಗೇಟಿನವರೆಗೆ ಕೇಳಿಸಿರಬೇಕು.

ನನಗೆ ಗರಗಸ ಹಿಡಿಯಲೂ ಬರುವುದಿಲ್ಲ ಎಂದೆ.

“ಅದನ್ನ ನಾನು ಕಲಿಸ್ತೀನಿ. ಇಷ್ಟು ವರ್ಷ ಈ ಅಂಗಳಕ್ಕೆ ಎಷ್ಟೋ ಜನ ಬಂದ್ರು. ನನ್ನನ್ನ ಕೇಳಿದ್ದು ನೀನೊಬ್ಳೇ.”

ಕೋಲು ತೆಗೆದುಕೊಂಡೆ. ಪುಣ್ಯಕ್ಕೆ ಮುಖ ತೊಳೆಯುವ ಪದ್ಧತಿ ಇನ್ನು ಇರಲಿಲ್ಲ. ಏನು ಮಾಡಬೇಕೆಂದು ಯಾರೂ ಹೇಳಲಿಲ್ಲವಾದ್ದರಿಂದ ನನಗೆ ತೋಚಿದ್ದನ್ನು ಮಾಡಿದೆ. ಗೋಡೆಯ ಹತ್ತಿರ ಹೋಗಿ, ಅಜ್ಜನ ಎರಡು ಗೆರೆಗಳ ನಡುವೆ ಹೊಸ ಕೋಲನ್ನು ಇಟ್ಟು ಬಗ್ಗಿ ನೋಡಿದೆ.

“ಎಷ್ಟು ಕಮ್ಮಿ?” ಎಂದು ಅತ್ತೆ ಹಿಂದಿನಿಂದ ಕೇಳಿದರು.

“ಏನೂ ಕಮ್ಮಿ ಇಲ್ಲ ಅತ್ತೆ. ಸರಿಯಾಗಿದೆ.”

ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು.

“ಇನ್ನೊಂದ್ಸಲ ನೋಡು,” ಎಂದರು.

ನಾನು ಕೋಲನ್ನು ತಿರುಗಿಸಿ ಇಟ್ಟು, ಇನ್ನೊಂದು ಸಲ ನೋಡಿದೆ.